ಯಲ್ಲವ್ವನ ಪ್ರಕಾಶಕರು ಯಾರು?

ಗೆಳೆಯರೇ, ಸಂಶೋಧನೆ ಎಂದರೇನೆಂದು ಇವತ್ತು ಹಾವೇರಿಯ ನಮ್ಮ ಕಾಲೇಜಿನಲ್ಲಿ ನನಗೆ ಕಡೆಗೂ ತಿಳಿಯಿತು.

ಬ್ಯಾಡಗಿ ಮೆಣಸಿನಕಾಯಿ ಕುರಿತು ನಾನು ಬರೆದ ಪ್ರಬಂಧವನ್ನು ಸರ್ ತಿರುವಿ ನೋಡುತ್ತಿದ್ದರು. ಬಿ.ಎ. ಮುಗಿಸಿ ಸೇರಿದ ಪ್ರಬಂಧ ರಚನೆಯ ಕೋರ್ಸು ಇದು. ಇದೊಂದರಲ್ಲಿ ಫೇಲಾದರೆ ಇಡೀ ವರ್ಷ ನೀರಿನಲ್ಲಿ ಹೋಮ. ಅಡಿಟಿಪ್ಪಣಿಯ ಮೇಲೆ ಅವರ ಬೆರಳು ನಿಂತಿತು.

“ಯಾರಪಾ ಈ ಯಲ್ಲವ್ವ?”

“ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಆರಿಸ್ತಾರ್ರಿ ಸರ್. ಕಾಯಿ ಒಣಗೈತೋ ಇಲ್ಲೋ ಅಂತ ಕಿವಿ ಹತ್ರ ಅಲುಗಾಡಿಸಿ, ಬೀಜದ ಸಪ್ಪಳ ಕೇಳಿ ಹೇಳ್ತಾರ್ರಿ. ಎಂಟು ದಿನ ಅವರ ಬಾಜೂ ಕುಂತು ಬರಕೊಂಡೇನ್ರಿ.”

“ಪುಸ್ತಕ ಯಾವ್ದು? ಪ್ರಕಾಶಕರು ಯಾರು? ಪುಟ ಎಷ್ಟು?”

“ಅವರಿಗೆ ಓದಾಕ ಬರಂಗಿಲ್ರಿ.”

“ಅಚ್ಚಾಗದ ಮಾತು ಆಧಾರ ಹೆಂಗಾಗತೈತಿ ತಮ್ಮಾ? ಹಿಂಗ ಕೊಟ್ರ ನೀ ಫೇಲ್.”

ಸರ್ ಮತ್ತೊಮ್ಮೆ ಓದಿದರು, ಈ ಸಲ ನಿಧಾನವಾಗಿ. ಓದುತ್ತ ಓದುತ್ತ ದನಿ ಮೆತ್ತಗಾಯಿತು.

“ಒಂದ್ ಕೆಲಸ ಮಾಡು. ಇದನ್ನ ನನ್ನ ಹೆಸರಿನಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಾಕ್ತೇನಿ. ಅಚ್ಚಾದ ಮ್ಯಾಲ ಅದನ್ನ ಆಧಾರ ಅಂತ ತೋರಿಸಿ ನಿನ್ನ ಪ್ರಬಂಧ ಕೊಡು. ಪಾಸಾಗ್ತಿ.”

ಪಾಸಾಗುವ ಆಸೆಗೆ “ಹೂಂ ರಿ ಸರ್” ಎಂದು ಹಾಳೆಗಳನ್ನು ಅವರ ಕೈಯಲ್ಲೇ ಬಿಟ್ಟು ಎದ್ದೆ. ಬಾಗಿಲ ತನಕ ಹೋದವನನ್ನು ಕರೆದು ನಿಲ್ಲಿಸಿದರು.

“ಅಡಿಟಿಪ್ಪಣಿಯಾಗ ನನ್ನ ಹೆಸರ ಹಾಕೂದು ಮರೀಬ್ಯಾಡ ಮತ್ತ. ಇಲ್ಲಂದ್ರ ಕಳುವು ಮಾಡಿದಂಗ ಆಗತೈತಿ.”

ಕೃತಿಚೌರ್ಯದ ವಿಷಯದಲ್ಲಿ ನಮ್ಮ ಸರ್ ಇಷ್ಟು ಕಟ್ಟುನಿಟ್ಟು ಎಂದು ನನಗೆ ಗೊತ್ತಿರಲಿಲ್ಲ.