ಅರ್ಜಿಗೆಂದು ಆಡಿದ ಆಟ

ನನ್ನ ಅಕ್ಕನ ಮಗ ಫುಟ್‌ಬಾಲ್ ಕೋಚ್. ಈ ವಾಕ್ಯವನ್ನು ಬರೆಯಲು ನನಗೆ ಒಂದು ಕ್ಷಣ ಸಾಕಾಯಿತು. ಅವನ ಅಪ್ಪ, ಅಂದರೆ ನಮ್ಮ ಭಾವ, ಇದನ್ನು ನಾಲ್ಕು ಜನರ ಮುಂದೆ ಹೇಳಲು ಹಲವು ವರ್ಷ ತೆಗೆದುಕೊಂಡರು. ಆ ವರ್ಷಗಳಲ್ಲಿ ಏನೇನಾಯಿತು ಎಂಬುದನ್ನು ಹತ್ತಿರದಿಂದ ನೋಡಿದವಳಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಅಕ್ಕ-ಭಾವ ಧಾರವಾಡದವರು. ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ ಮನೆ ಮಾಡಿದ್ದಾರೆ. ನಾನು ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯಷ್ಟು ದೂರ, ಕ್ಯಾಂಪ್‌ಬೆಲ್‌ನಲ್ಲಿದ್ದೇನೆ. ನಮ್ಮಂಥವರ ಮನೆಗಳಲ್ಲಿ ಮಕ್ಕಳು ಮಾಡುವ ಪ್ರತಿಯೊಂದು ಕೆಲಸಕ್ಕೂ ಒಂದು ಮುಗಿಯುವ ದಿನವಿರುತ್ತದೆ. ಪಿಟೀಲು, ಚೆಸ್ಸು, ಈಜು, ಅನಾಥ ನಾಯಿಗಳ ಸೇವೆ, ಇವೆಲ್ಲ ಕಾಲೇಜಿನ ಅರ್ಜಿಯಲ್ಲಿ ಒಂದೊಂದು ಸಾಲು. ಅಡ್ಮಿಷನ್ ಬಂದ ವಾರ ಪಿಟೀಲು ಗ್ಯಾರೇಜಿಗೆ ಹೋಗುತ್ತದೆ. ನಾಯಿಗಳು ಮತ್ತೆ ಅನಾಥವಾಗುತ್ತವೆ. ಇದರಲ್ಲಿ ಯಾರಿಗೂ ಬೇಸರವಿಲ್ಲ. ಮಕ್ಕಳಿಗಂತೂ ಇಲ್ಲವೇ ಇಲ್ಲ.

ಭಾವ ಎಂಜಿನಿಯರ್. ಮಗ ಹೈಸ್ಕೂಲಿಗೆ ಕಾಲಿಟ್ಟಾಗ ಅವರು ಸುತ್ತಲಿನ ಮನೆಗಳ ಮಕ್ಕಳೆಲ್ಲ ಏನೇನು ಕಲಿಯುತ್ತಿದ್ದಾರೆಂದು ವಿಚಾರಿಸಿದರು. ಪಿಟೀಲಿನಲ್ಲಿ ನೂಕುನುಗ್ಗಲು. ಟೆನ್ನಿಸ್ ಅಂಗಳದ ತುಂಬ ನಮ್ಮವರೇ. ಒಂದು ಸಂಜೆ ಊಟಕ್ಕೆ ಕೂತಾಗ ತಮ್ಮ ಸಂಶೋಧನೆಯ ಫಲವನ್ನು ಪ್ರಕಟಿಸಿದರು.

"ಫುಟ್‌ಬಾಲ್‌ನ್ಯಾಗ ನಮ್ಮವರು ಒಬ್ರೂ ಇಲ್ಲ. ಕಾಂಪಿಟಿಷನ್ನೇ ಇಲ್ಲ ನೋಡು."

ಅಕ್ಕ ಸಾರಿನ ಸೌಟು ಹಿಡಿದು ನಿಂತೇಬಿಟ್ಟಳು. "ಅಲ್ರೀ, ಅದು ಮಂದಿ ಮೈಮ್ಯಾಲೆ ಬಿದ್ದು ಹೊಡದಾಡೋ ಆಟ. ಎಲುಬು ಮುರದ್ರ?"

"ಅಪ್ಲಿಕೇಶನ್ ಕಳಿಸೋತನಕ ಗಟ್ಟಿ ಇದ್ರ ಸಾಕು."

ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗೂ ಚೆಂಡಿಗೂ ಸಂಬಂಧ ಕಡಿಮೆ. ಚೆಂಡು ಎರಡೂ ತುದಿಗೆ ಚೂಪು. ಒಬ್ಬ ಅದನ್ನು ದೂರಕ್ಕೆ ಎಸೆಯುತ್ತಾನೆ. ಇನ್ನೊಬ್ಬ ಎದುರಾಳಿಗಳಿಂದ ತಪ್ಪಿಸಿಕೊಂಡು ಓಡಿ ಅದು ಬೀಳುವ ಜಾಗ ತಲುಪಿ ಹಿಡಿಯುತ್ತಾನೆ. ಹಿಡಿಯುವವನಿಗೆ ರಿಸೀವರ್ ಎನ್ನುತ್ತಾರೆ. ನಮ್ಮ ಹುಡುಗ ಸಣಕಲ, ಆದರೆ ಓಟಗಾರ. ಅವನನ್ನು ರಿಸೀವರ್ ಮಾಡಿದರು. ಹಿತ್ತಲಿನಲ್ಲಿ ಅವನು ಅಭ್ಯಾಸ ಮಾಡುವುದನ್ನು ಅಕ್ಕ ಮತ್ತು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆವು. ಎದೆಗಿಂತ ಮೇಲೆ ಬಂದ ಚೆಂಡಿಗೆ ಹೆಬ್ಬೆರಳುಗಳು ಕೂಡಬೇಕು, ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಕೂಡಬೇಕಂತೆ. ಈ ಎರಡನೆಯದು ಅವನಿಗೆ ಒಲಿಯುತ್ತಿರಲಿಲ್ಲ. ಅಕ್ಕ ಕಿಟಕಿಯಿಂದಲೇ ಕೂಗಿದಳು:

"ಬೊಗಸಿ ಮಾಡೋ! ಪ್ರಸಾದ ತೊಗೊಳ್ಳೂ ಮುಂದ ಹಿಡೀತೀಯಲ್ಲ, ಹಂಗ!"

ಆಮೇಲೆ ಅವನು ಕೆಳಗಿನ ಚೆಂಡು ಬಿಟ್ಟಿದ್ದನ್ನು ನಾನು ಹೆಚ್ಚು ನೋಡಲಿಲ್ಲ.

ಅಡ್ಮಿಷನ್ ಬಂತು. ಭಾವ ಬಯಸಿದ ಕಾಲೇಜು, ಭಾವ ಬಯಸಿದ ಕಂಪ್ಯೂಟರ್ ಸೈನ್ಸ್. ಅದೇ ವಾರ ಅವರು ಹುಡುಗನ ಹೆಲ್ಮೆಟ್ ಹೊರತಾಗಿ ಉಳಿದೆಲ್ಲ ಆಟದ ಸಾಮಾನನ್ನು ಗ್ಯಾರೇಜಿನಲ್ಲಿ ಅವನು ಚಿಕ್ಕಂದಿನಲ್ಲಿ ಬಿಟ್ಟ ಪಿಟೀಲಿನ ಪಕ್ಕ ಇಟ್ಟರು. ಹೆಲ್ಮೆಟ್ ಶಾಲೆಯದು, ಹಿಂದಿರುಗಿಸಿಯಾಗಿತ್ತು. ಹುಡುಗ ಕಾಲೇಜಿಗೆ ಹೊರಟ ದಿನ ನೋಡಿದರೆ ಗ್ಯಾರೇಜಿನಲ್ಲಿ ಪಿಟೀಲು ಒಂದೇ ಇತ್ತು.

ಕಾಲೇಜಿನ ತಂಡಕ್ಕೆ ಅವನನ್ನು ಯಾರೂ ಕರೆದಿರಲಿಲ್ಲ. ತಾನೇ ಹೋಗಿ, ಓಡಿ ತೋರಿಸಿ, ಸೇರಿಕೊಂಡ. ಸ್ಕಾಲರ್‌ಶಿಪ್ ಇಲ್ಲ, ಹೆಚ್ಚಿನ ಪಂದ್ಯಗಳಲ್ಲಿ ಅಂಗಳದ ಅಂಚಿನಲ್ಲಿ ನಿಲ್ಲುವ ಕೆಲಸ. ಒಮ್ಮೆ ನಾವು ಮೂವರೂ ನೋಡಲು ಹೋದೆವು. ಸ್ಟೇಡಿಯಮ್ಮಿಗೆ ಪಾರದರ್ಶಕ ಚೀಲ ಮಾತ್ರ ಒಯ್ಯಬಹುದೆಂಬ ನಿಯಮ. ಹೀಗಾಗಿ ಅಕ್ಕ ಕಟ್ಟಿಕೊಂಡು ಬಂದ ಚಪಾತಿ, ಶೇಂಗಾ ಚಟ್ನಿಪುಡಿಗಳನ್ನು ಬಾಗಿಲಲ್ಲಿ ನಿಂತ ಜನರೆಲ್ಲ ದರ್ಶನ ಮಾಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಹುಡುಗನನ್ನು ಒಳಗೆ ಬಿಟ್ಟರು. ಅವನು ಒಂದು ಚೆಂಡು ಹಿಡಿದ. ತಕ್ಷಣ ನಾಲ್ಕು ಜನ ಅವನ ಮೇಲೆ ಬಿದ್ದರು. ಸುತ್ತಲಿನವರು ಎದ್ದು ಕೂಗಿದರು. ಭಾವ ಪಕ್ಕದ ಸೀಟಿನ ಅಪರಿಚಿತನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದರು: ಇದು ಒಳ್ಳೆಯದೋ, ಕೆಟ್ಟದ್ದೋ? ಆತ ಬಹಳ ಒಳ್ಳೆಯದೆಂದ. ಆಮೇಲೆ ಭಾವ ಚಪ್ಪಾಳೆ ತಟ್ಟಿದರು. ಖಚಿತಪಡಿಸಿಕೊಳ್ಳದೆ ಅವರು ಯಾವುದನ್ನೂ ಮೆಚ್ಚಿದವರಲ್ಲ.

ಕೊನೆಯ ವರ್ಷ ಮೊಣಕಾಲು ಕೈಕೊಟ್ಟಿತು. ಆಟ ನಿಂತಿತು, ಡಿಗ್ರಿ ಬಂತು. ಅಕ್ಕನ ಮನೆಯಲ್ಲಿ ಮೊಣಕಾಲಿನ ಬಗ್ಗೆ ದುಃಖವೂ ಡಿಗ್ರಿಯ ಬಗ್ಗೆ ಸಂತೋಷವೂ ಇದ್ದವು; ಎರಡೂ ಒಂದೇ ಧ್ವನಿಯಲ್ಲಿ ಕೇಳುತ್ತಿದ್ದವು. ಅಷ್ಟರಲ್ಲಿ ಹುಡುಗ ಹತ್ತಿರದ ಒಂದು ಹೈಸ್ಕೂಲಿನಲ್ಲಿ ರಿಸೀವರ್‌ಗಳಿಗೆ ಕಲಿಸುವ ಸಹಾಯಕ ಕೋಚ್ ಆಗಿ ಸೇರಿದ. ಆ ಕೆಲಸದಲ್ಲಿ ಹೊಟ್ಟೆ ತುಂಬುವುದಿಲ್ಲ. ಹಗಲು ಹೊತ್ತು ರಜೆ ಹಾಕಿದ ಮೇಷ್ಟ್ರುಗಳ ಬದಲಿಗೆ ತರಗತಿ ನೋಡಿಕೊಳ್ಳುತ್ತಿದ್ದ.

ಇಲ್ಲಿಂದ ಭಾವನ ವರದಿಗಾರಿಕೆ ಶುರುವಾಯಿತು. ಗಣೇಶನ ಹಬ್ಬದಲ್ಲಿ ಕನ್ನಡ ಕೂಟದವರು ಕೇಳಿದಾಗ ಮಗ "ಸ್ಪೋರ್ಟ್ಸ್ ಲೈನಿನ್ಯಾಗ" ಇದ್ದ. ದೀಪಾವಳಿಯ ಹೊತ್ತಿಗೆ "ಸ್ಪೋರ್ಟ್ಸ್ ಡೇಟಾ" ಆಯಿತು. ಯುಗಾದಿಗೆ "ಒಂದು ಟೀಮ್ ನೋಡ್ಕೋತಾನ", ಮತ್ತು ಹೇಗೋ ಏನೋ ಆ ಟೀಮು ರೆಡ್‌ವುಡ್ ಸಿಟಿಗೆ ವರ್ಗವಾಯಿತು. ಅಲ್ಲಿ ದೊಡ್ಡ ಸಾಫ್ಟ್‌ವೇರ್ ಆಫೀಸಿರುವುದು ಎಲ್ಲರಿಗೂ ಗೊತ್ತು. ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಿದ್ದರು. ಆ ಕಡೆಯ ಶಾಲೆಯೊಂದರ ಜೊತೆ ಹುಡುಗನ ತಂಡ ಒಮ್ಮೆ ಪಂದ್ಯ ಆಡಿದ್ದು ನಿಜ. ಯಾವ ವಾಕ್ಯವೂ ಪೂರ್ತಿ ಸುಳ್ಳಲ್ಲ. ನಾನು ಮದುವೆಗೆ ಮೊದಲು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ವರದಿ ತಿದ್ದುವ ಡೆಸ್ಕಿನಲ್ಲಿದ್ದೆ. ಅಲ್ಲಿ ನಾವು ಹೆದರಿ ಹೆದರಿ ಓದುತ್ತಿದ್ದದ್ದು ಇಂಥ ವಾಕ್ಯಗಳನ್ನೇ.

ಕೂಟದ ಸುದ್ದಿಪತ್ರಿಕೆಯನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. "ನಮ್ಮ ಹೆಮ್ಮೆಯ ಮಕ್ಕಳು" ಅಂಕಣಕ್ಕೆ ಭಾವ ಫೋನಿನಲ್ಲಿ ನಾಲ್ಕು ಸಾಲು ಹೇಳಿದರು. ಕಂಪನಿಯ ಹೆಸರೇನು ಎಂದು ಕೇಳಿದೆ. "ಇರಲಿ ಬಿಡವಾ, ಮುಂದಿನ ಸಲ ನೋಡೂಣು" ಎಂದರು.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಕಳೆದ ವಸಂತದಲ್ಲಿ ಆ ಹೈಸ್ಕೂಲಿನ ಮುಖ್ಯ ಕೋಚ್ ನಿವೃತ್ತರಾದರು. ಪ್ರಿನ್ಸಿಪಾಲ್ ನಮ್ಮ ಹುಡುಗನನ್ನು ಕರೆದು ಎರಡು ಮಾತು ಹೇಳಿದರು. ಒಂದು, ಆ ಜಾಗ ಅವನಿಗೇ. ಎರಡು, ತಂಡ ಕಟ್ಟುವಷ್ಟು ಹುಡುಗರು ಸೇರಿದರೆ ಮಾತ್ರ. ಇಲ್ಲವಾದರೆ ಶಾಲೆಯಲ್ಲಿ ಫುಟ್‌ಬಾಲೇ ಇರುವುದಿಲ್ಲ, ಸಹಾಯಕ ಕೋಚ್ ಕೂಡ ಇರುವುದಿಲ್ಲ.

ಹುಡುಗರು ಯಾಕಿಲ್ಲ ಎಂದರೆ, ಶಾಲೆ ಒಳ್ಳೆಯದೆಂದು ಸುತ್ತಲಿನ ಮನೆಗಳನ್ನೆಲ್ಲ ನಮ್ಮವರು ಕೊಂಡುಕೊಂಡಿದ್ದಾರೆ. ಅವರ ಮಕ್ಕಳು ರೋಬೋಟ್ ಮಾಡುತ್ತಿದ್ದಾರೆ.

ಒಂದು ಭಾನುವಾರ ಮಧ್ಯಾಹ್ನ ಅವನು ಮನೆಗೆ ಬಂದ. ನಾನೂ ಅಲ್ಲಿದ್ದೆ. ಬೂಟು ಬಿಚ್ಚುತ್ತಲೇ ವಿಷಯ ಹೇಳಿದ.

"ಅಪ್ಪಾ, ಗುರುವಾರ ಪೇರೆಂಟ್ಸ್ ಮೀಟಿಂಗು. ನೀವು ಬಂದು ಮಾತಾಡ್ಬೇಕು."

"ನಾನ್ಯಾಕೋ? ನಂಗೇನು ಗೊತ್ತದ ಆಟದ್ದು?"

"ಆಟದ್ದಲ್ಲ. ಫುಟ್‌ಬಾಲಿಗೆ ಯೆಸ್ ಅಂದ ಇಂಡಿಯನ್ ಡ್ಯಾಡ್ ನಂಗೆ ಗೊತ್ತಿರೋದು ನೀವೊಬ್ರೇ. ಲಿಟರಲಿ."

ಭಾವ ಚಹಾದ ಕಪ್ಪಿನ ಕಡೆ ನೋಡಿದರು. "ಯಾರ್ಯಾರು ಬರ್ತಾರ?"

"ಎಲ್ಲಾ ನಿಮ್ಮ ಕೂಟದವ್ರೇ."

ಅಕ್ಕ ನನ್ನ ಮುಖ ನೋಡಿದಳು. ಭಾವನ ಕಷ್ಟ ನಮ್ಮಿಬ್ಬರಿಗೂ ಅರ್ಥವಾಗಿತ್ತು. ಅವರು ಹೋಗಿ ಮಾತಾಡಿದರೆ ರೆಡ್‌ವುಡ್ ಸಿಟಿ ಕುಸಿಯುತ್ತದೆ. ಹೋಗದಿದ್ದರೆ ಮಗನ ಕೆಲಸ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಂಪ್ಯೂಟರ್ ಸೈನ್ಸ್ ಓದಿದ ಹುಡುಗ ಕೋಚ್ ಆಗಿರುವುದನ್ನು ಕಣ್ಣಾರೆ ಕಂಡ ಮೇಲೆ ಯಾವ ತಂದೆ ತನ್ನ ಮಗನನ್ನು ಕಳಿಸಿಯಾನು?

"ಕೆಲಸ ಹೋದ್ರ ಹೋಗ್ಲಿ. ನಿಂಗ ಡಿಗ್ರಿ ಅದ," ಎಂದರು ಭಾವ.

"ಅಪ್ಪಾ, ಐ ಡೋಂಟ್ ವಾಂಟ್ ಎನಿಥಿಂಗ್ ಎಲ್ಸ್." ಧ್ವನಿ ಏರಿರಲಿಲ್ಲ. ಅವನು ಮತ್ತೆ ಬೂಟು ಹಾಕಿಕೊಂಡ.

ಬಾಗಿಲು ಮುಚ್ಚಿದ ಮೇಲೆ ಅಕ್ಕ ಕಪ್ಪು ಎತ್ತಿಕೊಂಡು ಹೋಗುತ್ತ ಗೋಡೆಗೆ ಹೇಳಿದಳು: "ಕಾಂಪಿಟಿಷನ್ನೇ ಇಲ್ಲ ಅಂದವ್ರು ಯಾರೋ ಏನೋ."

ಗುರುವಾರ ಶಾಲೆಯ ಲೈಬ್ರರಿಯಲ್ಲಿ ಸಭೆ. ಅಕ್ಕ ಹಚ್ಚಿದ ಅವಲಕ್ಕಿಯನ್ನು ದೊಡ್ಡ ಅಲ್ಯೂಮಿನಿಯಂ ಟ್ರೇಯಲ್ಲಿ ತಂದಿದ್ದಳು. ನಮ್ಮವರನ್ನು ಕೂರಿಸಲು ಬೇರೆ ಉಪಾಯ ಈ ದೇಶದಲ್ಲಿ ಇನ್ನೂ ಸಿಕ್ಕಿಲ್ಲ. ಭಾವ ಹಬ್ಬಕ್ಕೆ ಹಾಕುವ ಕೋಟು ತೊಟ್ಟು ಕೊನೆಯ ಸಾಲಿನಲ್ಲಿ ಕುಳಿತರು. ಮಾತಾಡುತ್ತೇನೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ.

ಬೆಂಗಳೂರಿನ ಒಬ್ಬ ಡಾಕ್ಟರಮ್ಮ ತಿರುಗಿ ನೋಡಿದರು. "ಅಂಕಲ್! ನೀವೇನಿಲ್ಲಿ?"

"ಹಿಂಗ, ಸುಮ್ನ," ಎಂದರು ಭಾವ.

ಹುಡುಗ ಮುಂದೆ ನಿಂತು ವಿವರಿಸಿದ. ಕಾಲೇಜಿಗೆ ಹೋದಂದಿನಿಂದ ಕೂಟದ ಕಡೆ ಸುಳಿಯದ ಅವನ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ತಲೆಗೆ ಪೆಟ್ಟು ಬೀಳುವ ಸಾಧ್ಯತೆಯನ್ನು ಮುಚ್ಚಿಡಲಿಲ್ಲ. ಅದನ್ನು ಕಡಿಮೆ ಮಾಡಲು ಏನು ಮಾಡುತ್ತೇನೆ, ಏನು ಮಾಡಲಾಗುವುದಿಲ್ಲ ಎಂಬುದನ್ನೂ ಹೇಳಿದ. ಚೆಂಡು ಹಿಡಿಯುವುದನ್ನು ತೋರಿಸುತ್ತ "ಬೊಗಸೆ" ಎಂದಾಗ ಕೆಲವರು ನಕ್ಕರು. ಉಳಿದದ್ದನ್ನು ಎಲ್ಲರೂ ಗಂಭೀರವಾಗಿ ಕೇಳಿದರು. ಪೆಟ್ಟಿನ ಬಗ್ಗೆ ಎರಡು ಪ್ರಶ್ನೆ ಬಂದವು. ಆಮೇಲೆ ಮೈಸೂರಿನ ಎಂಜಿನಿಯರೊಬ್ಬರು ಸಭೆ ನಿಜವಾಗಿ ಕಾಯುತ್ತಿದ್ದ ಪ್ರಶ್ನೆ ಕೇಳಿದರು.

"ಕೋಚ್, ಇದು ಅಡ್ಮಿಷನ್‌ಗೆ ಹೆಲ್ಪ್ ಆಗುತ್ತಾ?"

ಹುಡುಗ ಬಾಯಿ ತೆರೆಯುವ ಮೊದಲೇ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಭಾವ ಎದ್ದು ನಿಂತಿದ್ದರು.

"ಆಗತದ. ನಮ್ಮ ಮಗಗ ಆತು."

"ನಿಮ್ಮ ಮಗ ಫುಟ್‌ಬಾಲ್ ಆಡ್ತಿದ್ನಾ ಅಂಕಲ್? ರೆಡ್‌ವುಡ್ ಸಿಟೀಲಿರೋನು?" ಡಾಕ್ಟರಮ್ಮನಿಗೆ ಆಶ್ಚರ್ಯ.

"ರೆಡ್‌ವುಡ್ ಸಿಟ್ಯಾಗ ಯಾರೂ ಇಲ್ಲರೀ. ನನ್ನ ಮಗ ಅಲ್ಲಿ ನಿಂತಾನ ನೋಡ್ರಿ. ಕೋಚ್."

ಎಲ್ಲರೂ ಮುಂದೆ ನೋಡಿದರು, ಹಿಂದೆ ನೋಡಿದರು. ಮೂಗು ಒಂದೇ ಥರ ಇದ್ದುದನ್ನು ಆಗ ಗಮನಿಸಿರಬೇಕು. ಹುಡುಗ ಕೈಯಲ್ಲಿದ್ದ ಚೆಂಡನ್ನು ಮೇಜಿನ ಮೇಲಿಟ್ಟ.

"ಅರ್ಜಿಗಂತ ನಾನ ಹಚ್ಚಿದ್ದೆ ಆಟಕ್ಕ," ಭಾವ ಮುಂದುವರಿಸಿದರು. "ಅಡ್ಮಿಷನ್ ಸಿಕ್ತು. ಡಿಗ್ರೀನೂ ಮುಗಸ್ದ. ಆದ್ರ ಆಟ ಬಿಡಲಿಲ್ಲ. ಹೇಳಿ ನೋಡಿದೆ, ಬಿಡಲಿಲ್ಲ. ಅಡ್ಮಿಷನ್ ಆಗತದ ಅನ್ನೂದಕ್ಕ ನಾನ ಸಾಕ್ಷಿ. ಆಮ್ಯಾಲೆ ಏನಾಗತದ ಅನ್ನೂದಕ್ಕೂ ನಾನ ಸಾಕ್ಷಿ. ಎರಡೂ ಕೇಳಿ ಹೆಸರು ಕೊಡ್ರಿ."

ಕೂತರು. ಹುಡುಗನ ಕೆಲಸ ಹೋಯಿತು ಎಂದೇ ನಾನು ಬಗೆದೆ. ಇಷ್ಟು ಪ್ರಾಮಾಣಿಕವಾದ ಜಾಹೀರಾತು ಯಾವ ಸರಕನ್ನೂ ಮಾರಿದ್ದನ್ನು ನಾನು ಕಂಡಿರಲಿಲ್ಲ.

ಮೊದಲು ಮಾತಾಡಿದವರು ಡಾಕ್ಟರಮ್ಮ. "ಅಯ್ಯೋ ಅಂಕಲ್, ನಿಮ್ಮ ಮಗನಿಗೆ ಛಲ ಇತ್ತು. ನಮ್ಮವನು ಕರಾಟೆ ಬಿಟ್ಟ, ಪಿಯಾನೋ ಬಿಟ್ಟ, ಮೃದಂಗ ಬಿಟ್ಟ. ಇದನ್ನ ಇಟ್ಕೋತಾನಾ? ಬರ್ಕೊಳ್ಳಿ ಕೋಚ್."

ಮೈಸೂರಿನವರಿಗೂ ನೆಮ್ಮದಿಯಾಯಿತು. "ಕರೆಕ್ಟು. ನಮ್ಮನೇಲಿ ಹಲ್ಲುಜ್ಜೋದೊಂದೇ ಡೈಲಿ ನಡೆಯೋದು, ಅದೂ ಹೇಳಿದ್ರೆ. ನಮ್ಮವನ್ದೂ ಹಾಕಿ."

ಅಲ್ಲಿಂದ ಮುಂದೆ ತಂದೆತಾಯಿಗಳು ಪೈಪೋಟಿಯ ಮೇಲೆ ತಮ್ಮ ಮಕ್ಕಳ ಸೋಮಾರಿತನಕ್ಕೆ ಪ್ರಮಾಣ ಕೊಡತೊಡಗಿದರು. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ ನಡೆಯುತ್ತದೆ. ಅವಲಕ್ಕಿ ಖಾಲಿಯಾಗುವ ಹೊತ್ತಿಗೆ ತಂಡ ಆಗಿತ್ತು. ಮರುವಾರ ಪ್ರಿನ್ಸಿಪಾಲ್ ಮಾತು ಉಳಿಸಿಕೊಂಡರು. ಹುಡುಗ ಮುಖ್ಯ ಕೋಚ್ ಆದ. ಭಾವ ನನಗೆ ಫೋನು ಮಾಡಿ, ಅಂಕಣಕ್ಕೆ ಒಂದೇ ಸಾಲು ಹೇಳಿದರು. ಶಾಲೆಯ ಹೆಸರೇನು ಎಂದೆ. ಹೇಳಿದರು, ಕಾಗುಣಿತ ಸಮೇತ. ಅಚ್ಚಾಯಿತು.

ಆಗಸ್ಟಿನಲ್ಲಿ ಅಭ್ಯಾಸ ಶುರುವಾಯಿತು. ಭಾವ ಮಡಿಸುವ ಕುರ್ಚಿ ಒಯ್ದು ಅಂಗಳದ ಬೇಲಿಯ ಪಕ್ಕ ಕೂರುತ್ತಾರೆ. ಹೋದ ವಾರ ಅಕ್ಕನ ಜೊತೆ ನಾನೂ ಹೋಗಿದ್ದೆ. ಅಭ್ಯಾಸ ಮುಗಿದು ಉಳಿದ ಹುಡುಗರೆಲ್ಲ ಕಾರು ಹತ್ತಿದ್ದರು. ಡಾಕ್ಟರಮ್ಮನ ಮಗ ಮಾತ್ರ ಕೋಚ್ ಎದುರು ನಿಂತು ಕೆಳಗಿನ ಚೆಂಡು ಹಿಡಿಯುತ್ತಿದ್ದ. "ಬೊಗಸೆ!" ಎಂದು ಕೋಚ್ ಕೂಗುತ್ತಿದ್ದ. ಆ ಹುಡುಗ ಚೆಂಡು ಬಿಡುತ್ತಿದ್ದ, ಎತ್ತಿ ವಾಪಸು ಕೊಡುತ್ತಿದ್ದ, ಒನ್ ಮೋರ್ ಎನ್ನುತ್ತಿದ್ದ.

ಡಾಕ್ಟರಮ್ಮ ಕಾರಿನ ಗಾಜು ಇಳಿಸಿದರು. "ಅಂಕಲ್, ಪ್ರಾಕ್ಟೀಸ್ ಮುಗೀತಲ್ವಾ? ಇವನ್ಯಾಕೆ ಇನ್ನೂ ಬಂದಿಲ್ಲ?"

"ಬರ್ತಾನ, ಬರ್ತಾನ," ಎಂದರು ಭಾವ.

ಗಾಜು ಮೇಲೇರಿತು. ಅಕ್ಕ ಅಂಗಳದ ಕಡೆ ಒಮ್ಮೆ, ಕಾರಿನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: "ಅಲ್ರೀ, ಇದು ನಮ್ಮನ್ಯಾಗ ಆಗಿದ್ದಲ್ಲೇನು? ಪಾಪ, ಅಕೀಗೆ ಈಗ್ಲೇ ಹೇಳಿಬಿಡ್ರಿ."

ಭಾವ ಕುರ್ಚಿ ಮಡಿಸುತ್ತ ಯೋಚಿಸಿದರು.

"ಈಗ ಬ್ಯಾಡ," ಎಂದರು. "ಅಡ್ಮಿಷನ್ ಆಗ್ಲಿ."