ಮೂರನೆಯ ಗುರುತು

ಎಲ್ಲವೂ ಮೊದಲಿನಂತೆಯೇ ಇದ್ದ ಕೊನೆಯ ದಿನ ಒಂದು ಶುಕ್ರವಾರ. ನನಗಾಗ ಹನ್ನೊಂದು ವರ್ಷ. ಹರಿಹರದ ನಮ್ಮ ಮನೆಯಲ್ಲಿ ಆಗ ನೀರೆಂದರೆ ಹೊಳೆ, ಹೊಳೆಯೆಂದರೆ ಅಪ್ಪ. ದಂಡೆಯ ಪಂಪ್‌ಹೌಸಿನಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದ ಅವರಿಗೆ ನೀರು ಏರುವುದು ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಬಟ್ಟೆ ಒಗೆಯಲು ಬಂದವರು "ಇವತ್ತು ಹೆಂಗೈತ್ರಿ ಹೊಳೆ?" ಎಂದು ಅವರನ್ನು ಕೇಳಿಯೇ ಇಳಿಯುತ್ತಿದ್ದರು.

ಆ ಸಂಜೆ ಶಾಲೆ ಬಿಟ್ಟು ಹೋದಾಗ ಅಪ್ಪ ಪೇಪರಿನ ಮೇಲೆ ಮಂಡಕ್ಕಿ ಸುರಿದು, ಮಿರ್ಚಿ ಮುರಿದು ನನ್ನ ಮುಂದಿಟ್ಟರು. ಗ್ರೀಸು ಹತ್ತಿದ ಬೆರಳಿನಿಂದ ದಡ ತೋರಿಸಿದರು.

"ಹೊಳೆ ಏರೋಕೆ ಮುಂಚೆ ಮೂರು ಗುರುತು ಕೊಡ್ತತೆ ನೋಡವ್ವ. ಒಂದು, ದಡದ ಗುಂಟ ನೊರೆ ಜೊತಿಗೆ ಕಸಕಡ್ಡಿ ಬರ್ತತೆ. ಎರಡು, ಏಡಿ ಬಿಲ ಬಿಟ್ಟು ಮ್ಯಾಲಕ್ಕೆ ಹೊಂಡ್ತಾವೆ."

"ಮೂರನೇದು?"

"ಅದನ್ನ ನಿಮ್ಮವ್ವಗೂ ಹೇಳಿಲ್ಲ. ಸಮುದ್ರ ನೋಡ್ಕೊಂಡು ಬರೋಣ. ಸೋಮವಾರ ಇಲ್ಲೇ ಕುಂತು ಹೇಳ್ತೀನಿ."

ಸಮುದ್ರ ತೋರಿಸುವವರು ಚಿಕ್ಕಪ್ಪ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅವರದು ಟೈಲ್ಸ್ ಅಂಗಡಿ. ಕಾರು ಕೊಂಡ ಮೇಲೆ ಜಗತ್ತಿನಲ್ಲಿ ಅವರ ಕಾರು ಹತ್ತಿದವರು, ಹತ್ತದವರು ಎಂಬ ಎರಡೇ ಜಾತಿ ಉಳಿದಿದ್ದವು. ಶನಿವಾರ ಅಪ್ಪ, ಅವ್ವ, ನಾನು ಬುತ್ತಿ ಕಟ್ಟಿಕೊಂಡು ಮೇಲಿನ ಜಾತಿಗೆ ಸೇರಿದೆವು. ಘಟ್ಟ ಇಳಿಯುವವರೆಗೂ ಅವರು ಹೇಳಿದ್ದು ಒಂದೇ: "ಸಮುದ್ರ ಅಂದ್ರೆ ನಿಮ್ಮ ಹೊಳೆ ಅಲ್ಲಣ್ಣಾ." ಮೂರು ಸಲ ನೋಡಿದ್ದಕ್ಕೆ ಸಮುದ್ರವೇ ತಮ್ಮದು ಎನ್ನುವ ಠೀವಿ. ನನಗೂ ಅವರ ಮಾತೇ ಸರಿ ಅನ್ನಿಸಿತು. ಊರು ಬಿಟ್ಟು ಅರ್ಧ ದಿನವಾಗಿರಲಿಲ್ಲ, ಆಗಲೇ ನನ್ನ ಕಣ್ಣಿಗೆ ಹೊಳೆ ಸಣ್ಣದಾಗಿತ್ತು.

ಭಾನುವಾರ ಬೆಳಿಗ್ಗೆ ಕುಮಟಾದ ಹತ್ತಿರ ಬಂಡೆಗಳ ದಂಡೆಗೆ ಹೋದೆವು. ನೀರು ಹಿಂದೆ ಸರಿದಿತ್ತು. ಬಂಡೆಗಳ ನಡುವಿನ ಗುಂಡಿಗಳಲ್ಲಿ ಒಂದೊಂದು ಕೊಡದಷ್ಟು ಸಮುದ್ರ ಉಳಿದಿತ್ತು. ಪಾಚಿಯ ವಾಸನೆ, ಉಪ್ಪಿನ ವಾಸನೆ. ಬೆರಳು ತಾಗಿಸಿದರೆ ಮುದುಡಿಕೊಳ್ಳುವ ಹೂವಿನಂಥ ಒಂದು ಜೀವ. ಇನ್ನೊಬ್ಬರ ಚಿಪ್ಪು ಹೊತ್ತು ತಿರುಗುವ ಪುಟ್ಟ ಏಡಿ. ನಾನು ಗುಂಡಿಯಿಂದ ಗುಂಡಿಗೆ ಹಾರುತ್ತ ದೂರ ಹೋದೆ. ಚಿಕ್ಕಪ್ಪ ಎಲ್ಲಕ್ಕಿಂತ ತಗ್ಗಿನ ಬಂಡೆ ಹುಡುಕಿ ಚಾಪೆ ಹಾಸಿದರು. ಮೊಬೈಲಿನ ವಿಡಿಯೊದಲ್ಲಿ ಅಲೆ ಬರಬೇಕಲ್ಲ. ಅವ್ವ ಅಲ್ಲೇ ರೊಟ್ಟಿ ಬಿಚ್ಚಿದಳು.

ಅಪ್ಪ ಮಾತ್ರ ಕುಕ್ಕರಗಾಲಿನಲ್ಲಿ ಕೂತು ಏಡಿ ನೋಡುತ್ತಿದ್ದರು. ಆಮೇಲೆ ಎದ್ದರು.

"ಏಡಿ ಮ್ಯಾಲಕ್ಕೆ ಹೊಂಟಾವೆ. ನೀರು ಬರ್ತತೆ. ಏಳ್ರಿ."

"ಸುಮ್ನೆ ಕೂಡಣ್ಣಾ," ಎಂದರು ಚಿಕ್ಕಪ್ಪ. "ನಿನ್ನ ಪಂಪ್‌ಹೌಸ್ ಇಲ್ಲಿಗೂ ತಂದೀಯೇನು?"

ರೊಟ್ಟಿ ಮುಗಿಯುವ ಮೊದಲೇ ಚಾಪೆ ತೇಲಿತು. ಅವ್ವ, ಚಿಕ್ಕಪ್ಪ ಎದ್ದು ದಡಕ್ಕೆ ಓಡಿದರು. ಶೇಂಗಾ ಚಟ್ನಿಯ ಡಬ್ಬಿ, ಚಿಕ್ಕಪ್ಪನ ಬೂಟು ಎರಡೂ ಹೊರಟವು. ಅಪ್ಪ ಅವುಗಳ ಕಡೆ ನೋಡದೆ ನನ್ನ ಬಂಡೆಯವರೆಗೆ ಬಂದು, ನನ್ನನ್ನು ಹೆಗಲಿಗೆ ಹಾಕಿಕೊಂಡು, ಸೊಂಟದವರೆಗಿನ ನೀರಿನಲ್ಲಿ ದಡಕ್ಕೆ ನಡೆದರು. ಅಲ್ಲಿ ಒಬ್ಬ ಹೆಂಗಸು ಬಂಡೆಗಳಿಂದ ಕಿತ್ತ ಚಿಪ್ಪಿನ ಬುಟ್ಟಿ ಹೊತ್ತು ಹೊರಟಿದ್ದಳು. ಅಪ್ಪ ಏದುಸಿರು ಬಿಡುತ್ತ ಅವಳನ್ನು ಕೇಳಿದರು:

"ಯವ್ವಾ, ಮ್ಯಾಲೆ ಯಾವ ಡ್ಯಾಮಿನಿಂದ ನೀರು ಬಿಟ್ಟಾರೆ?"

ಅವಳು ಬುಟ್ಟಿ ಇಳಿಸಿ ನಕ್ಕಳು. "ಡ್ಯಾಮಲ್ಲ ಮಾರಾಯ್ರೆ, ಇದು ಭರತಿ. ದಿನಾ ಎರಡು ಸಲ ಬರ್ತದೆ, ದಿನಾ ಹೋಗ್ತದೆ."

ಬೂಟು ಹೋದರೂ ಚಿಕ್ಕಪ್ಪನ ಮೊಬೈಲು ಹೋಗಿರಲಿಲ್ಲ. ಅಪ್ಪ ಡ್ಯಾಮಿನ ಮಾತು ಕೇಳಿದ್ದೂ ಸೇರಿ ಎಲ್ಲ ರೆಕಾರ್ಡ್ ಆಗಿತ್ತು. ವಾಪಸು ಬರುವಾಗ ಶಿರಸಿಯಲ್ಲಿ ಚಹಾ ಕುಡಿಯುತ್ತ ಅಂಗಡಿಯವನಿಗೂ ತೋರಿಸಿದರು. ನಾನು ಸುಮ್ಮನಿರಬಹುದಿತ್ತು. "ಉಬ್ಬರ ಇಳಿತ ನಮ್ಮ ಪಾಠದಾಗೇ ಐತೆ. ಅಪ್ಪಗೆ ಅಷ್ಟೂ ಗೊತ್ತಿಲ್ಲ," ಎಂದೆ. ಅಪ್ಪ ಲೋಟದೊಳಗೆ ನೋಡುತ್ತ ಚಹಾ ಕುಡಿದರು.

ಸೋಮವಾರ ಪಂಪ್‌ಹೌಸಿಗೆ ಹೋದಾಗ ಮಂಡಕ್ಕಿ ಇತ್ತು, ಮಿರ್ಚಿ ಇತ್ತು. ತಿಂದು ಮುಗಿಸಿ "ಮೂರನೇದು?" ಎಂದೆ.

"ನಿನ್ನ ಪಾಠದಾಗೆ ಇರಬೇಕು ನೋಡವ್ವ," ಎಂದರು. ಸಿಟ್ಟಿನಿಂದಲ್ಲ. ಆಮೇಲೆ ಅವರು ನನ್ನ ಮುಂದೆ ಹೊಳೆಯ ಮಾತು ಎತ್ತಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಒಬ್ಬ ಪಂಪಿನವನ ಹತ್ತಿರ ಕೇಳುವುದೇನಿದೆ ಎನ್ನುವಷ್ಟು ಓದಿದ್ದೆ.

ಹೋದ ವರ್ಷ ಅಪ್ಪ ತೀರಿಕೊಂಡರು. ತಿಥಿಯ ದಿನ ಊಟ ಮುಗಿಸಿ, ಅಡಿಕೆ ಅಗಿಯುತ್ತ, ಚಿಕ್ಕಪ್ಪ ಅದೇ ವಿಡಿಯೊ ಹಾಕಿದರು. ಕೂತವರೆಲ್ಲ ನಕ್ಕರು. ಕಾಣಿಕೆಯಂತೆ ನನಗೂ ಕಳಿಸಿದರು. ಅಪ್ಪನ ದನಿ ಉಳಿದಿರುವುದು ಅದೊಂದರಲ್ಲೇ, ಹಾಗಾಗಿ ಅಳಿಸಲಾರೆ. ಅದರಲ್ಲಿ ಅಲೆಗಿಂತ ಜೋರಾಗಿ ಕೇಳುವುದು ಒಂದು ಹುಡುಗಿಯ ನಗು. ಅವಳು ಅಪ್ಪನ ಹೆಗಲ ಮೇಲೆಯೇ ಇದ್ದಾಳೆ, ಅವಳ ಕಾಲಿಗೆ ನೀರು ತಾಗಿಲ್ಲ.

ಈ ಮಳೆಗಾಲ ಹೊಳೆ ತುಂಬುವ ಮುಂಚೆ ದಂಡೆಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಜನ ಹೊಳೆಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನೊರೆ ಬಂತು. ಏಡಿ ಹತ್ತಿದವು. ಅವರ ಹಿಂದೆ ನಿಂತು ಬಹಳ ಹೊತ್ತು ಹೊಳೆಯನ್ನೇ ನೋಡಿದೆ.

ಮೂರನೆಯ ಗುರುತು ನನಗೆ ಗೊತ್ತಿಲ್ಲ.