ಆರು ತುಂಡಾದ ಕೊನೆಯ ಪುಟ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಭಾಲ್ಕಿಯ ನಮ್ಮ ಓಣಿಯ ಮಕ್ಕಳಿಗೆ ಪೇಂಟರ್ ಕಾಶಪ್ಪ ಕಾಕಾನ ಪಡಸಾಲೆಯೇ ಊರು, ಅದೇ ಜಾತ್ರೆ. ನಿಮಗೂ ಅಂಥದೊಂದು ಪಡಸಾಲೆ ಇದ್ದೀತು. ನಮ್ಮದಕ್ಕೆ ಟರ್ಪೆಂಟೈನ್, ಕಪ್ಪು ಶಾಯಿ, ಒಣಗಿದ ಬೇವಿನೆಲೆ ಮೂರೂ ಕೂಡಿದ ಒಂದು ವಾಸನೆ ಇತ್ತು. ಕಾಕಾ ಬೆಳಗ್ಗೆ ಅಂಗಡಿಗಳ ಬೋರ್ಡು, ಟ್ರ್ಯಾಕ್ಟರುಗಳ ನಂಬರು ಬರೆಯುತ್ತಿದ್ದರು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು, ಕೈ ತಿಕ್ಕಿ ತೊಳೆದು, ಒಂದು ಮಕ್ಕಳ ಮಾಸಪತ್ರಿಕೆಗೆ ಚಿತ್ರಕಥೆ ಬಿಡಿಸಲು ಕೂಡುತ್ತಿದ್ದರು.

ಪತ್ರಿಕೆಯಲ್ಲಿ ಅಂಗೈಯಷ್ಟಾಗಿ ಅಚ್ಚಾಗುವ ಚಿತ್ರ ಅಸಲಿ ಹಾಳೆಯಲ್ಲಿ ದೊಡ್ಡದಿರುತ್ತಿತ್ತು. ಒಂದು ಹಾಳೆಗೆ ಆರು ಚೌಕ. ಶಾಯಿಯ ಅಡಿಯಲ್ಲಿ ಪೆನ್ಸಿಲ್ ಗೆರೆ ಇಣುಕುತ್ತಿದ್ದವು, ತಪ್ಪಾದಲ್ಲಿ ಬಿಳಿ ಬಣ್ಣ ಬಳಿದು ತಿದ್ದಿದ್ದು ಬೆರಳಿಗೆ ಒರಟಾಗಿ ಹತ್ತುತ್ತಿತ್ತು. ಅಚ್ಚಾದ ಮೇಲೆ ಹಾಳೆಗಳು ಟಪಾಲಿನಲ್ಲಿ ವಾಪಸು ಬರುತ್ತಿದ್ದವು. ಕಾಕಾ ಅವನ್ನು ತಗಡಿನ ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಡುತ್ತಿದ್ದರು.

ನಾವು ಕೇಳಿದ ಚಿತ್ರಗಳನ್ನೂ ಬಿಡಿಸಿ ಕೊಡುತ್ತಿದ್ದರು. ಕೂಲಿ ಎಂದರೆ ಒಂದು ಹುಳಿ ಮಾವಿನಕಾಯಿ, ಇಲ್ಲವೇ ಒಂದು ಬೊಗಸೆ ಹುರಿದ ಶೇಂಗಾ. ಕೇಳಿದವರ ಹೆಸರನ್ನು ಮೂಲೆಯಲ್ಲಿ ಬರೆಯದೆ ಚಿತ್ರ ಕೈಗೆ ಕೊಟ್ಟವರಲ್ಲ. ಅಂಥ ಹನ್ನೊಂದು ಚಿತ್ರ ನನ್ನ ಹತ್ತಿರ ಇದ್ದವು, ಅವ್ವನ ಸೀರೆಯ ಡಬ್ಬಿಯಲ್ಲಿ. ನಮ್ಮದೇ ಒಂದು ಬಜಾರೂ ಇತ್ತು. ಓಡುವ ಕುದುರೆ ಒಂದಕ್ಕೆ ನಿಂತ ಎಮ್ಮೆ ಎರಡು. ಮುಖ ಕಾಣುವ ಒಂದಕ್ಕೆ ಬೆನ್ನು ಕಾಣುವವು ಮೂರು. ಬೇರೆ ಹುಡುಗಿಯ ಹೆಸರಿದ್ದರೆ ಬೆಲೆ ಇನ್ನೂ ಜಾಸ್ತಿ, ಯಾಕೆಂದರೆ ಅದನ್ನು ಮುಂದಿಟ್ಟು ಅವಳನ್ನು ವಾರಗಟ್ಟಲೆ ಕಾಡಿಸಬಹುದಿತ್ತು.

ನಾನು ಐದನೆಯ ಇಯತ್ತೆ ಮುಗಿಸಿದ ಆ ವರ್ಷ ಕಾಕಾ ಗಂಗಿಯ ಕಥೆ ಬಿಡಿಸುತ್ತಿದ್ದರು. ಕುರಿ ಕಾಯುವ ಹುಡುಗಿ ಗಂಗಿ. ಊರಿನ ನೀರು ಎಲ್ಲಿ ನಿಂತಿದೆ ಎಂದು ನೋಡಲು ಸುರಂಗಬಾವಿಗೆ ಇಳಿದು ಒಳಗೆ ದಾರಿ ತಪ್ಪುತ್ತಾಳೆ. ಆಕೆ ಹೊರಗೆ ಬರುತ್ತಾಳೋ ಇಲ್ಲವೋ ಎನ್ನುವುದೊಂದೇ ಬಾಕಿ. ಅಷ್ಟರಲ್ಲಿ ಪತ್ರಿಕೆಯೇ ನಿಂತುಹೋಯಿತು. ಕೊನೆಯ ಪುಟ ಕಾಕಾನ ಬಳಿ ತಯಾರಾಗಿ ಉಳಿಯಿತು, ಅಚ್ಚಾಗದೆ.

ಅದನ್ನು ನಾನೂ ನಾಗುವೂ ಕೂಡಿಯೇ ನೋಡಬೇಕೆಂದು ಆಣೆ ಮಾಡಿದ್ದೆವು. ನಾಗು ಬೀದರಿನಲ್ಲಿದ್ದ ಸೋದರಮಾವನ ಮಗಳು, ನನ್ನ ವಾರಿಗೆಯವಳು. ಪ್ರತಿ ರಜೆಗೂ ನಮ್ಮಲ್ಲಿಗೆ ಬರುತ್ತಿದ್ದವಳು ಆ ಸಲ ಮೈತುಂಬ ಅಮ್ಮನ ಗುಳ್ಳೆ ಎದ್ದು ಮನೆಯಲ್ಲೇ ಮಲಗಿದ್ದಳು. ಅವ್ವ ಅವಳನ್ನು ನೋಡಲು ಹೊರಟಾಗ ಕಾಕಾ ಆ ಹಾಳೆಯನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ನನ್ನ ಕೈಗಿಟ್ಟರು.

"ಇಬ್ಬರೂ ಕೂಡೇ ನೋಡ್ರಿ. ಒಂದೇ ಹಾಳಿ ಅದ, ತಿರುಗಿ ತರಬೇಕು ಮತ್ತ" ಎಂದರು.

ಭಾಲ್ಕಿಯಿಂದ ಬೀದರಿನ ತನಕ ಬಸ್ಸಿನಲ್ಲಿ ಅದನ್ನು ಎದೆಗೆ ಆನಿಸಿಕೊಂಡು ಕೂತೆ. ದಾರ ಬಿಚ್ಚಲಿಲ್ಲ. ಬಿಚ್ಚಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಬೇವಿನೆಲೆ ಹಾಕಿ ಕಾಯಿಸಿದ ನೀರನ್ನು ನಾಗುವಿಗೆ ಎರೆಯುವುದು ಮರುದಿನವಿತ್ತು. ಅಲ್ಲಿಯವರೆಗೆ ಅವಳ ಖೋಲಿಗೆ ಮಕ್ಕಳು ಹೋಗುವಂತಿರಲಿಲ್ಲ. ಮಾಮಾನದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ, ಮನೆಯ ಕೆಳಗೇ. (ಈ ಮಾಮಾನಿಗೆ ಬಹುವಚನ ಹಾಕಲು ನನ್ನ ಕೈ ಏಳುವುದಿಲ್ಲ, ಕ್ಷಮಿಸಿ.) ಸುರುಳಿ ನೋಡಿ ಏನದು ಎಂದು ಕೇಳಿದ. ನಾನು ಸುಮ್ಮನಿರಬೇಕಿತ್ತು. ಕೈಯಿಂದ ಬಿಡಿಸಿದ ಅಸಲಿ, ಜಗತ್ತಿನಲ್ಲಿ ಇಂಥದ್ದು ಇದೊಂದೇ ಎಂದು ಜಂಬ ಕೊಚ್ಚಿದೆ. ಅವನ ಕಣ್ಣು ಸಣ್ಣಗಾದವು. ಸುರುಳಿಯಲ್ಲಿಟ್ಟರೆ ಹಾಳೆ ಮುರಿಯುತ್ತದೆ, ಗಾಜಿನ ಕೆಳಗೆ ಚಪ್ಪಟೆ ಮಾಡಿ ಇಡುತ್ತೇನೆ ಕೊಡು ಎಂದ. ಕೊಟ್ಟೆ. ಮಂಗನ ಕೈಗೆ ಮಾಣಿಕ್ಯ ಕೊಡುವುದೆಂದರೆ ಅದೇ.

ಮರುದಿನ ಮಧ್ಯಾಹ್ನ ನಾಗು ಒದ್ದೆ ಕೂದಲಲ್ಲೇ ನನ್ನ ಕೈ ಹಿಡಿದು ಕೆಳಗೆ ಓಡಿಬಂದಳು. ಅಂಗಡಿಯ ಗೋಡೆಯ ಮೇಲೆ ಅಂಗೈಯಗಲದ ನಾಲ್ಕು ಕಟ್ಟು ಹೊಳೆಯುತ್ತಿದ್ದವು. ನೆಲದ ಮೇಲೆ ಹಾಳೆಯ ಪಟ್ಟಿಗಳು. ಒಂದು ಪಟ್ಟಿಯ ಮೇಲೆ ಗಂಗಿಯ ಮಾತು ಅರ್ಧ ಇತ್ತು, ಅದರ ಮೇಲೆ ಯಾರದೋ ಚಪ್ಪಲಿಯ ಗುರುತು. ಚೌಕಗಳು ಅವನ ಕಟ್ಟಿಗಿಂತ ದೊಡ್ಡವಿದ್ದವಂತೆ, ಅದಕ್ಕೆ ಸುತ್ತಲೂ ಸವರಿದ್ದ. ಪೆನ್ಸಿಲ್ ಗೆರೆಗಳನ್ನೂ ಹೊಲಸು ಎಂದು ರಬ್ಬರಿನಿಂದ ಉಜ್ಜಿದ್ದ. ಉಳಿದೆರಡು ಬೆಳಗ್ಗೆಯೇ ಮಾರಿಹೋಗಿದ್ದವು. ಒಂದು ಹೈದರಾಬಾದಿನಿಂದ ಬರುತ್ತಿದ್ದ ಒಬ್ಬ ಶೋಕಿವಾಲಾನಿಗೆ, ಇನ್ನೊಂದು ಔರಾದಿನ ಅರಿವೆ ಅಂಗಡಿಯವನಿಗೆ.

ಅವನಿಗೆ ನಾಚಿಕೆಯೇನೂ ಇರಲಿಲ್ಲ. ಬೆರಳಿಗೆ ಹತ್ತಿದ ಗೋಂದನ್ನು ಹಲ್ಲಿನಿಂದ ಕೆರೆಯುತ್ತ ಹೇಳಿದ: "ಇಡೀ ಹಾಳಿ ಆದರ ಒಬ್ಬಂವಗ ಹೋಗ್ತದ. ಆರು ತುಂಡು ಆರು ಮಂದಿಗಿ ಹೋಗ್ತಾವ. ತಿಳೀತೇನು?"

ಅತ್ತಿದ್ದಕ್ಕೆ ನಮ್ಮಿಬ್ಬರಿಗೂ ಒಂದೊಂದು ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟ. ನಾಗು, ಅವನದೇ ಮಗಳು, ತನ್ನದನ್ನು ಅವನ ಕಾಲಬುಡಕ್ಕೆ ಎಸೆದಳು. ನಾನು ಇಟ್ಟುಕೊಂಡೆ. ವರ್ಷವಿಡೀ ಸಾಲಿಯಲ್ಲಿ ಆ ಪೆನ್ಸಿಲ್ಲಿನಿಂದಲೇ ಬಣ್ಣ ತುಂಬಿದೆ. ಮಾಮಾನ ಮೇಲೆ ಎಷ್ಟು ಹೇಸಿಗೆ ಇದೆಯೋ ಅಷ್ಟೇ ನನ್ನ ಮೇಲೂ ಇದೆ, ಬರೆದುಬಿಡುತ್ತೇನೆ.

ಅವ್ವ ತಮ್ಮನ ಜೊತೆ ಜಗಳಾಡಿ ನಾಲ್ಕು ಕಟ್ಟುಗಳನ್ನು ಕಸಿದುಕೊಂಡಳು. ಐದನೆಯದಕ್ಕಾಗಿ ನನ್ನನ್ನು ಕರೆದುಕೊಂಡು ಔರಾದಿಗೂ ಹೋದಳು. ಅರಿವೆ ಅಂಗಡಿಯವನು ಅದನ್ನು ಡಾಬಕಾದಲ್ಲಿ ಯಾರದೋ ಮನೆಯ ವಾಸ್ತುಶಾಂತಿಗೆ ಉಡುಗೊರೆ ಕೊಟ್ಟಾಗಿತ್ತು. ಯಾರ ಮನೆ ಎಂದು ಹೇಳಲಿಲ್ಲ, ಕೊಟ್ಟಿದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ ಎಂದ.

ಭಾಲ್ಕಿಗೆ ಬಂದು ನಾಲ್ಕನ್ನೂ ಕಾಕಾನ ಮುಂದಿಟ್ಟೆ. ಕಾಕಾ ಬೈದರೆ ಚೆನ್ನಾಗಿತ್ತು. ಅವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು, ಎರಡರ ಜಾಗ ಖಾಲಿ ಬಿಟ್ಟರು, ತುಸು ಹೊತ್ತು ನೋಡಿದರು. ಕತ್ತಲೆ, ಒಂದು ಕೈ, ಬಾವಿಯ ಕಲ್ಲು, ಮತ್ತೆ ಕತ್ತಲೆ. ನನಗೆ ಒಂದೂ ತಿಳಿಯಲಿಲ್ಲ. ಕೊನೆಗೆ ಏನಾಯಿತು ಅಂತ ಬಾಯಿಂದಾದರೂ ಹೇಳ್ರಿ ಕಾಕಾ ಎಂದು ಅವರ ಮೊಣಕಾಲು ಹಿಡಿದುಕೊಂಡೆ.

"ಬಾಯಿಲೆ ಹೇಳೂದಿದ್ದರ ಚಿತ್ರ ಯಾಕ ತೆಗೀತಿದ್ದೆನವ್ವಾ" ಎಂದರು.

ಅಷ್ಟೇ. ಆ ರಜೆ ಮುಗಿಯುವವರೆಗೂ ಕಾಕಾ ಯಾರಿಗೂ ಚಿತ್ರ ಬಿಡಿಸಿ ಕೊಡಲಿಲ್ಲ, ಮುಂದೆಯೂ ಕೊಡಲಿಲ್ಲ. ನಾವು ಮಾವಿನಕಾಯಿ ಹಿಡಿದುಕೊಂಡು ಹೋದರೆ ಹೋಳು ಮಾಡಿ, ಉಪ್ಪು ಖಾರ ಹಚ್ಚಿ, ನಮಗೇ ತಿನ್ನಿಸಿ ಕಳಿಸುತ್ತಿದ್ದರು. ಬೋರ್ಡು ಬರೆದೇ ಬದುಕು ಮುಗಿಸಿದರು. ಗಂಗಿಯ ಗತಿ ಏನಾಯಿತೆಂದು ಅವರೊಬ್ಬರಿಗೇ ಗೊತ್ತಿತ್ತು.

ಹೋದ ವರ್ಷ ಬೀದರಿನ ಒಂದು ಹೋಟೆಲಿನ ಹಾಲಿನಲ್ಲಿ ಹಳೆಯ ಸಾಮಾನುಗಳ ಮಾರಾಟವಿತ್ತು. ಸುಮ್ಮನೆ ಹೋದೆ. ಕಪ್ಪು ಬಟ್ಟೆಯ ಮೇಲೆ, ದೀಪದ ಬೆಳಕಿನಲ್ಲಿ, ಅಂಗೈಯಗಲದ ಒಂದು ಕಟ್ಟು, ಒಳಗೆ ಕಾಕಾನ ಗೆರೆ. ಕೆಳಗಿನ ಚೀಟಿಯಲ್ಲಿ 'ಅಪರೂಪದ ಅಸಲಿ ಕಾಮಿಕ್ ಕಲೆ, ಕಲಾವಿದರು ಅಜ್ಞಾತ' ಎಂದಿತ್ತು. ಬೆಲೆ ಕೇಳಿದೆ. ಕಾಕಾ ವರ್ಷವಿಡೀ ಬೋರ್ಡು ಬರೆದರೂ ಅಷ್ಟು ಕಂಡಿರಲಿಕ್ಕಿಲ್ಲ. ಬಿಡಿಸಿದವರ ಹೆಸರು ನನಗೆ ಗೊತ್ತು ಎಂದು ಮಾರುವ ಹುಡುಗನಿಗೆ ಹೇಳಿದೆ. ಅವನಿಗೆ ಹೆಸರು ಬೇಕಿರಲಿಲ್ಲ, ಉಳಿದ ತುಂಡುಗಳು ಬೇಕಿದ್ದವು. ನಾಲ್ಕು ಕಾಕಾನ ಜೊತೆಗೇ ಹೋದವು, ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ ಎಂದೆ. ನನ್ನ ಬಳಿ ಬೇರೆ ಹನ್ನೊಂದು ಚಿತ್ರಗಳಿವೆ, ಮೂಲೆಯಲ್ಲಿ ನಮ್ಮ ಹೆಸರೂ ಇದೆ ಎಂದು ಬಾಯಿ ಜಾರಿದಾಗ ಮುಖ ಅರಳಿಸಿದ. ಮೂಲೆಯಲ್ಲಿ ಮಕ್ಕಳ ಹೆಸರಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತದಂತೆ.

"ಹೆಸರು ತೆಗಿಸಬಹುದ್ರಿ ಮೇಡಂ, ನಂಬಲ್ಲಿ ಒಬ್ಬರು ಇದಾರ. ಗೊತ್ತೇ ಆಗಂಗಿಲ್ಲ" ಎಂದ, ನನಗೆ ಉಪಕಾರ ಮಾಡುವವನ ಹಾಗೆ.

ಥೂ. ಮಾಮಾ ಸತ್ತು ವರ್ಷಗಳಾದವು ಅಂದುಕೊಂಡಿದ್ದೆ. ಇಲ್ಲಿ ಕೋಟು ಹಾಕಿಕೊಂಡು ನಿಂತಿದ್ದ.

ಹೊರಗೆ ಬಂದು ನಾಗುವಿಗೆ ಫೋನು ಮಾಡಿದೆ. ಈಗ ಔರಾದಿನಲ್ಲಿ ಟೀಚರು, ತಲೆ ನರೆತಿದೆ. ಗಂಗಿಯ ಒಂದು ತುಂಡು ಸಿಕ್ಕಿತು ಎಂದೆ. ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಕೇಳಲಿಲ್ಲ.

"ಆಕಿ ಮುಖ ಯಾವ ಕಡಿ ಅದ ಶಶೀ? ಬೆಳಕಿನ ಕಡಿ ಅದನೋ, ಒಳಗಿನ ಕಡಿನೋ?"

ಆ ಕಟ್ಟಿನಲ್ಲಿ ಇದ್ದದ್ದು ಎರಡು ಬರಿಗಾಲು, ಒಂದು ಹಗ್ಗದ ತುದಿ, ಒಂದಿಷ್ಟು ನೀರು. ಮಾಮಾನ ಕತ್ತರಿ ಸರಿಯಾಗಿ ಮೊಣಕಾಲಿನ ಮೇಲೆ ಆಡಿತ್ತು. ಮುಖವೇ ಇರಲಿಲ್ಲ.

ಬೆಳಕಿನ ಕಡೆಗೇ ಅದ ಎಂದು ಹೇಳಿದೆ. ಆ ಕಡೆಯಿಂದ ನಾಗು ಉಸಿರು ಬಿಟ್ಟದ್ದು ಕೇಳಿಸಿತು. ಕಾಶಪ್ಪ ಕಾಕಾ ಬಿಡಿಸಿದ ಕಥೆಗೆ ಈಗ ಉಳಿದಿರುವ ಕೊನೆ ನಾನು ಹೇಳಿದ ಆ ಸುಳ್ಳು ಒಂದೇ.